ಮೈಕಕ್ಕನ ಗಂಟಲು

ಆ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ ಸಾಕು, ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ಕಣ್ಣು ಬಿಡದೆಯೇ ಚೀಲ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಡ್ರೈವರುಗಳು, ಕಂಡಕ್ಟರುಗಳು, ಟೀ ಮಾರುವವರು ಎಲ್ಲರಿಗೂ ಅವಳು ಮೈಕಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಅವಳು ಕೂರುತ್ತಿದ್ದದ್ದು ಮೇಲ್ಮಹಡಿಯ ಗಾಜಿನ ಗೂಡಿನಲ್ಲಿ. ಒಂದು ಕುರ್ಚಿ, ಒಂದು ಸ್ಟೂಲು, ಕತ್ತು ಬಗ್ಗಿದ ಮೈಕು. ಕಿಟಕಿಯೂ ಇತ್ತು. ಹಾರನ್ ಸದ್ದು ಒಳಗೆ ಬರುತ್ತದೆಂದು ಅದಕ್ಕೆ ಮೊಳೆ ಹೊಡೆದು ಮುಚ್ಚಿದ್ದರು. ಗಂಟಲೇ ಹೊಟ್ಟೆಪಾಡಾದ್ದರಿಂದ ಮೈಕಕ್ಕ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದಳು. ತಣ್ಣೀರು ಕುಡಿಯುತ್ತಿರಲಿಲ್ಲ, ಒದ್ದೆ ತಲೆಯಲ್ಲಿ ಹೊರಗೆ ಬರುತ್ತಿರಲಿಲ್ಲ, ಫ್ಯಾನಿನ ಕೆಳಗೆ ಮಲಗುತ್ತಿರಲಿಲ್ಲ. ಜ್ವರ ಕೆಮ್ಮು ನೀರಿನಿಂದ ಬರುತ್ತವೆ, ಗಾಳಿಯಿಂದ ಬರುತ್ತವೆ ಎಂದು ಅವಳು ಬಲವಾಗಿ ನಂಬಿದ್ದಳು. ಮನುಷ್ಯರಿಂದ ಬರುತ್ತವೆ ಎಂಬ ಗುಮಾನಿ ಅವಳಿಗಿರಲಿಲ್ಲ.

ಒಂದು ದಿನ ಕಂಟ್ರೋಲರ್ ಸಾಹೇಬರು ಜ್ವರದಲ್ಲಿ ಕಣ್ಣು ಕೆಂಡ ಮಾಡಿಕೊಂಡು ಗೂಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಹೇಳುವುದು ಅವರ ಕೆಲಸ. ಮೈ ಕಾದ ಹೆಂಚಾಗಿತ್ತು. ಅದನ್ನು ಅವರು ಪದಕದಂತೆ ತೋರಿಸಿಕೊಳ್ಳುತ್ತಿದ್ದರು.

"ಸಾರ್, ಮನೇಲಿ ಮಲಗಬಾರದಾ?"

"ನಾನು ಮಲಗಿದ್ರೆ ಬಸ್ ಯಾರಮ್ಮ ಬಿಡ್ತಾರೆ?"

"ಡ್ರೈವರ್ ಬಿಡ್ತಾರೆ ಸಾರ್."

ಸಾಹೇಬರಿಗೆ ಆ ಉತ್ತರ ಹಿಡಿಸಲಿಲ್ಲ. ಯಾರೋ ಕಳೆದುಕೊಂಡಿದ್ದ ಸೂಟ್‌ಕೇಸಿನ ವಿಷಯವನ್ನು ತಾವೇ ಹೇಳುತ್ತೇನೆಂದು ಮೈಕನ್ನು ಬಾಯಿಗೆಳೆದುಕೊಂಡರು. ಅರ್ಧ ಹೇಳಿದರು, ಉಳಿದರ್ಧವನ್ನು ಸೀನಿದರು. ಇಡೀ ನಿಲ್ದಾಣಕ್ಕೆ ಕೇಳಿಸಿತು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಮೈಕಕ್ಕ ಕರ್ಚೀಫಿನಿಂದ ಮೈಕು ಒರೆಸಿದಳು. ಸೆಕೆ ಅನ್ನಿಸಿ ಅದೇ ಕರ್ಚೀಫಿನಿಂದ ಮುಖವನ್ನೂ ಒರೆಸಿಕೊಂಡಳು.

ಎರಡು ದಿನ ಕಳೆಯುವಷ್ಟರಲ್ಲಿ ಅವಳ ಗಂಟಲಲ್ಲಿ ಮುಳ್ಳು ಎದ್ದಿತು. ಸೊಂಟ, ಕಾಲು, ಕಣ್ಣಿನ ಗುಡ್ಡೆ ಎಲ್ಲ ನೋವು. ಆದರೂ ಕೆಲಸಕ್ಕೆ ಹೋದಳು. ಸಾಹೇಬರು ಹಾಕಿಕೊಟ್ಟ ಮೇಲ್ಪಂಕ್ತಿ. ಅವಳ ಒಡೆದ ದನಿಯಲ್ಲಿ 'ಹದಿನಾಲ್ಕನೇ ಪ್ಲಾಟ್‌ಫಾರಂ' ಎಂಬುದರ 'ಹದಿ' ಗಂಟಲೊಳಗೇ ಉಳಿದುಬಿಟ್ಟಿತು. 'ನಾಲ್ಕನೇ' ಮಾತ್ರ ಹೊರಬಂತು. ಪರೀಕ್ಷೆ ಬರೆಯಲು ಹೊರಟಿದ್ದ ಕಾಲೇಜು ಹುಡುಗಿಯರ ಗುಂಪೊಂದು ನಾಲ್ಕರಲ್ಲಿ ನಿಂತಿದ್ದ ಬಸ್ಸು ಹತ್ತಿ, ಸಿಮೆಂಟ್ ಕಾರ್ಖಾನೆಯ ಗೇಟು ನೋಡಿಕೊಂಡು ಬಂತು. ಅವರು ವಾಪಸು ಬಂದು ಗೂಡಿನ ಬಾಗಿಲು ಬಡಿದಾಗ ಮೈಕಕ್ಕನಿಗೆ ಕ್ಷಮಿಸಿ ಎನ್ನಲೂ ದನಿಯಿರಲಿಲ್ಲ. ಕೈ ಮುಗಿದಳು, ಕೆಮ್ಮಿದಳು. ಅವರು ಬೈಯುವುದನ್ನು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದರು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ, "ಇದು ಬರೀ ನೆಗಡಿ ಅಲ್ಲ, ಫ್ಲೂ" ಎಂದರು.

"ಒಂದು ಸ್ಟ್ರಾಂಗ್ ಆ್ಯಂಟಿಬಯಾಟಿಕ್ ಕೊಡಿ ಮೇಡಂ," ಎಂದು ಮೈಕಕ್ಕ ಪಿಸುಗುಟ್ಟಿದಳು.

"ಅದು ಬ್ಯಾಕ್ಟೀರಿಯಾಕ್ಕೆ. ಇದು ವೈರಸ್. ಇಲಿಗೆ ಸೊಳ್ಳೆಬತ್ತಿ ಹಚ್ಚಿದ್ರೆ ಇಲಿ ಸಾಯುತ್ತಾ? ಜ್ವರಕ್ಕೆ ಮಾತ್ರೆ ಕೊಡ್ತೀನಿ. ಚೆನ್ನಾಗಿ ನೀರು ಕುಡೀರಿ, ಮಲಗಿ. ಮನೇಲಿ ಯಾರ್ಯಾರಿದ್ದಾರೆ?"

ಗಂಡ ಟೈಲರ್, ಗಟ್ಟಿಮುಟ್ಟು. ಅತ್ತೆಗೆ ವಯಸ್ಸು ಎಪ್ಪತ್ತು ದಾಟಿತ್ತು. ಬದುಕೆಲ್ಲ ಹೊಗೆ ಒಲೆಯ ಮುಂದೆ ಕೂತು ಶ್ವಾಸಕೋಶ ಸೊರಗಿತ್ತು. ಹಿಂದೊಮ್ಮೆ ಮಗ ಫ್ಲೂ ಲಸಿಕೆ ಹಾಕಿಸೋಣವೆಂದಾಗ ಅತ್ತೆ, "ನನಗ್ಯಾಕೆ ಸೂಜಿ, ನಾನೇನು ಹರಿದ ಅಂಗಿನಾ?" ಎಂದು ಮಗನನ್ನೇ ಗದರಿಸಿ ಕಳಿಸಿದ್ದರು.

ಡಾಕ್ಟರಮ್ಮನ ಮುಖ ಗಂಭೀರವಾಯಿತು. "ನಿಮಗಿಂತ ಅವರದ್ದೇ ಚಿಂತೆ. ನೀವು ಬೇರೆ ಕೋಣೇಲಿರಿ, ಕಿಟಕಿ ತೆಗೆದಿಡಿ, ಹೊರಗೆ ಬಂದ್ರೆ ಮಾಸ್ಕ್ ಹಾಕಿ. ಅವರಿಗೆ ಒಂಚೂರು ಜ್ವರ ಬಂದ್ರೂ ಅವತ್ತೇ ಕರ್ಕೊಂಡು ಬನ್ನಿ. ವೈರಸ್ಸಿಗೇ ಅಂತ ಔಷಧಿ ಇದೆ, ಆದರೆ ಬೇಗ ಕೊಟ್ಟಷ್ಟೂ ಒಳ್ಳೇದು. ಮೇಲುಸಿರು ಬಂತು, ತುಟಿ ನೀಲಿ ಆಯ್ತು, ಮಾತು ಎಲ್ಲೆಲ್ಲಿಗೋ ಹೋಯ್ತು ಅಂದ್ರೆ ಇಲ್ಲಿಗೂ ಬರಬೇಡಿ, ಸೀದಾ ದೊಡ್ಡಾಸ್ಪತ್ರೆ."

ಮನೆಯೆಂದರೆ ಮುಂದೆ ಹೊಲಿಗೆ ಅಂಗಡಿ, ಹಿಂದೆ ಹಲಗೆ ಗೋಡೆಯಿಂದ ಭಾಗ ಮಾಡಿದ ಎರಡು ಕೋಣೆ. ಮೈಕಕ್ಕ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಗಂಡ ಊಟ ಬಾಗಿಲಲ್ಲಿಟ್ಟು, ಕೈ ತೊಳೆದುಕೊಂಡು, ಉಳಿದ ಬಟ್ಟೆ ಚೂರುಗಳಲ್ಲಿ ಮೂವರಿಗೂ ಮಾಸ್ಕ್ ಹೊಲಿದ. ಅತ್ತೆಯದಕ್ಕೆ ಅಂಚುಪಟ್ಟಿಯನ್ನೂ ಇಟ್ಟ. ಅತ್ತೆ ಅದನ್ನು ಗಲ್ಲಕ್ಕೆ ಹಾಕಿಕೊಂಡರು. ಗಲ್ಲಕ್ಕೆ ಯಾವ ರೋಗವೂ ತಗಲಲಿಲ್ಲ.

ಗಂಡ ಗುಂಡಿ ತರಲು ಹೋದ ಹೊತ್ತಿನಲ್ಲಿ ಬಾಗಿಲು ತೆರೆಯಿತು. ಅತ್ತೆ ಬಿಸಿ ಹಾಲಿನ ಲೋಟ ಹಿಡಿದು ನಿಂತಿದ್ದರು.

"ಅತ್ತೆ, ಒಳಗೆ ಬರಬೇಡಿ," ಸೊಸೆಯ ಪಿಸುಮಾತು ಅವರಿಗೆ ಮುಟ್ಟಲಿಲ್ಲ. ಮುಟ್ಟಿದ್ದರೂ ಅವರು ಕೇಳುತ್ತಿರಲಿಲ್ಲ.

"ಸೊಸೆ ಜ್ವರದಲ್ಲಿ ಬಿದ್ದಿದ್ರೆ ಅತ್ತೆ ಒಂದು ಲೋಟ ಹಾಲು ಕೊಡಲಿಲ್ಲ ಅಂತ ನಾಳೆ ಬೀದಿಯೆಲ್ಲ ಮಾತಾಡ್ಬೇಕಾ?" ಎನ್ನುತ್ತಾ ಹಾಸಿಗೆಯ ಪಕ್ಕದಲ್ಲೇ ಕೂತು, ಹಣೆ ಮುಟ್ಟಿ ನೋಡಿ, ಬೀದಿಯವರ ಬಗ್ಗೆ ತಮಗಿದ್ದ ಅಭಿಪ್ರಾಯವನ್ನೆಲ್ಲ ಹೇಳಿ ಎದ್ದರು.

ಮುಂದಿನ ಕೆಲವು ದಿನ ಏನೂ ಆದಂತೆ ಕಾಣಲಿಲ್ಲ. ಅತ್ತೆಗೆ ಮೈ ಬೆಚ್ಚಗಾದದ್ದು ಯಾರಿಗೂ ತಿಳಿಯಲಿಲ್ಲ, ಅವರು ಹೇಳಲೂ ಇಲ್ಲ. ಒಂದು ಮಧ್ಯಾಹ್ನ ಮೈಕಕ್ಕ ಹಲಗೆ ಗೋಡೆಯ ಆಚೆಯಿಂದ ಅವರ ಗೊಣಗಾಟ ಕೇಳುತ್ತ ಮಲಗಿದ್ದಳು. ಅತ್ತೆ ದೂರು ಹೇಳಿದರೆ ಒಂದೇ ಉಸಿರಿಗೆ ಹೇಳುವವರು, ನಡುವೆ ಅಲ್ಪವಿರಾಮವೂ ಇರುತ್ತಿರಲಿಲ್ಲ. ಇವತ್ತು ದೂರು ತುಂಡು ತುಂಡಾಗಿ ಬರುತ್ತಿತ್ತು.

"ಬೆಳಗ್ಗಿಂದ... ಆ ಮಿಷನ್ನು... ತಲೆ ಮೇಲೆ..."

ಆಮೇಲೆ, ಇಸ್ತ್ರಿ ಪೆಟ್ಟಿಗೆ ಬಿಟ್ಟರೆ ಬೇರಾರೂ ಇಲ್ಲದ ಆ ಕೋಣೆಯಲ್ಲಿ ಅವರು "ಕೂತ್ಕೊಳ್ಳಿ, ಯಾಕೆ ನಿಂತಿದ್ದೀರಿ" ಎಂದದ್ದು ಕೇಳಿಸಿತು.

ಮೈಕಕ್ಕ ದಡಬಡಿಸಿ ಎದ್ದಳು. "ರೀ!" ಎಂದು ಕೂಗಿದಳು. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತಾಯಿತು ಅಷ್ಟೆ. ತಟ್ಟೆಗೆ ಚಮಚದಿಂದ ಬಡಿದಳು. ಪಕ್ಕದ ಪಾತ್ರೆ ಅಂಗಡಿಯ ಸದ್ದೆಂದುಕೊಂಡು ಗಂಡ ಹೊಲಿಗೆ ಮುಂದುವರಿಸಿದ. ನೂರಾರು ಜನರನ್ನು ಒಂದು ಮಾತಿಗೆ ಎಬ್ಬಿಸಿ ಬಸ್ಸು ಹತ್ತಿಸುತ್ತಿದ್ದವಳಿಗೆ ಈಗ ಹತ್ತು ಮಾರು ದೂರದ ಗಂಡನನ್ನು ಕರೆಯಲಾಗಲಿಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಮಾಸ್ಕ್ ಹಾಕಿಕೊಂಡು ಹೊರಬಂದು ಮೇನ್ ಸ್ವಿಚ್ ಇಳಿಸಿದಳು. ಕರೆಂಟಿನ ಹೊಲಿಗೆ ಮಿಷನ್ನು ನಿಂತಿತು. ಗಂಡ ವಿದ್ಯುತ್ ಸರಬರಾಜಿನವರಿಗೆ ಬೈಯುತ್ತ ಒಳಗೆ ಬಂದ. ಅವಳು ಅತ್ತೆಯ ಕೋಣೆಯತ್ತ ಬೆರಳು ತೋರಿಸಿದಳು.

"ವಯಸ್ಸಾಯ್ತಲ್ವಾ, ಏನೋ ಬಡಬಡಿಸ್ತಿದ್ದಾರೆ," ಎಂದ ಅವನು.

ಅವಳು ಅವನ ತೋಳು ಹಿಡಿದೆಳೆದು ಅಮ್ಮನ ತುಟಿಯ ಬಣ್ಣ ತೋರಿಸಿದಳು. ಅವನು ಕಾರು ತರಲು ಓಡಿದ. ಕಿಟಕಿಗಳನ್ನೆಲ್ಲ ಇಳಿಸಿದ ಬಾಡಿಗೆ ಕಾರಿನಲ್ಲಿ ಅಮ್ಮನನ್ನು ಅಪ್ಪಿಕೊಂಡು ದೊಡ್ಡಾಸ್ಪತ್ರೆಗೆ ಹೋದ.

ಮೈಕಕ್ಕನಿಗೆ ಹೋಗುವಂತಿರಲಿಲ್ಲ. ಅವಳು ತೆರೆದ ಕಿಟಕಿಯ ಹತ್ತಿರ ಕೂತಳು. ರೋಗ ಮನೆಗೆ ತಂದವಳು ತಾನು. ಆ ಮಾತನ್ನು ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಅದು ಬೇರೆ ಮಾತಾಗಲಿಲ್ಲ. ಸಂಜೆ ಗಂಡ ಫೋನು ಮಾಡಿ, ಆಮ್ಲಜನಕ ಹಾಕಿದ್ದಾರೆ, ಔಷಧಿ ಶುರುವಾಗಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತಂತೆ ಎಂದ.

ಒಂದು ವಾರದ ಮೇಲೆ ಫೋನಿನಲ್ಲಿ ಅತ್ತೆಯ ದನಿಯೇ ಬಂತು.

"ಅತ್ತೆ, ನನ್ನಿಂದಲೇ ನಿಮಗೆ ಹೀಗಾಯ್ತು."

"ನೀನೇನು ತಟ್ಟೇಲಿಟ್ಟು ಕೊಟ್ಯಾ? ನಾನೇ ಒಳಗೆ ಬಂದು ಈಸ್ಕೊಂಡೆ. ಸುಮ್ನಿರು," ಎಂದರು. ಆ ಮಾತನ್ನು ಅವರು ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ ಸೊಸೆಗೆ ಜೀವ ಬಂದಂತಾಯಿತು.

ಮೈಕಕ್ಕ ಕೆಲಸಕ್ಕೆ ಮರಳಿದ ದಿನ ಬಡಗಿಯನ್ನು ಕರೆಸಿ ಗೂಡಿನ ಕಿಟಕಿಯ ಮೊಳೆ ಕೀಳಿಸಿದಳು. ಹಾರನ್ನುಗಳು ಒಳಬಂದವು. ಅವಳ ಪ್ರಕಟಣೆಗಳಲ್ಲಿ ಅವೂ ಸೇರಿಕೊಂಡವು. ಕೆಲವರು ದೂರಿದರು. ಅವಳು ಕಿಟಕಿ ಮುಚ್ಚಲಿಲ್ಲ.

ಮರುವರ್ಷ ಚಳಿ ಶುರುವಾಗುವ ಹೊತ್ತಿಗೆ ಕಂಟ್ರೋಲರ್ ಸಾಹೇಬರು ಮತ್ತೆ ಕೆಮ್ಮುತ್ತ ಮೆಟ್ಟಿಲು ಹತ್ತಿದರು. ಅವರು ಬಾಗಿಲು ಮುಟ್ಟುವ ಮೊದಲೇ ಮೈಕಿನಲ್ಲಿ ಕೇಳಿಸಿತು: "ಪ್ರಯಾಣಿಕರ ಗಮನಕ್ಕೆ. ಕೆಮ್ಮು ಜ್ವರ ಇರುವವರು ಮಾಸ್ಕ್ ಧರಿಸಿ. ಕೆಮ್ಮು ಜ್ವರ ಇರುವ ಕಂಟ್ರೋಲರ್ ಸಾಹೇಬರು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು."

ಕೆಳಗೆ ಡ್ರೈವರುಗಳು ನಕ್ಕರು. ಸಾಹೇಬರು ಮೆಟ್ಟಿಲ ನಡುವಿನಿಂದಲೇ ಇಳಿದು ಹೋದರು. ಅವರು ಹುಷಾರಾಗಿ ವಾಪಸು ಬರುವವರೆಗೂ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವು. ಇದನ್ನು ಅವರಿಗೆ ಯಾರೂ ಹೇಳಲಿಲ್ಲ.

ಅತ್ತೆ ಆ ವರ್ಷ ಲಸಿಕೆ ಹಾಕಿಸಿಕೊಂಡರು. ನೋವಾಯಿತೆಂದು ಎರಡು ದಿನ ಹೇಳಿದರು. ಕಾಯಿಲೆಯ ಸುಸ್ತು ಮಾತ್ರ ಬಹುಕಾಲ ಎಳೆಯಿತು. ತಾರಸಿಗೆ ಹತ್ತುವಾಗ ಅರ್ಧದಲ್ಲಿ ಕೂರಬೇಕಾಗುತ್ತಿತ್ತು, ಸೊಸೆ ಕೈ ಹಿಡಿದುಕೊಳ್ಳುತ್ತಿದ್ದಳು. ಒಂದು ಬಿಸಿಲಿನ ಬೆಳಗ್ಗೆ ಎಲ್ಲೂ ಕೂರದೆ ಮೇಲೆ ತಲುಪಿದರು. ಬಟ್ಟೆ ಒಣಹಾಕುವ ತಮ್ಮ ಹಗ್ಗದ ತುಂಬ ಪಕ್ಕದ ಮನೆಯಾಕೆ ಚಾದರ ಹರವಿದ್ದಳು. ಅತ್ತೆ ಗೋಡೆಯಂಚಿಗೆ ಹೋಗಿ ಎದೆ ತುಂಬ ಗಾಳಿ ಎಳೆದುಕೊಂಡು ಆಕೆಯನ್ನು ಕೂಗಿ ಕರೆದರು. ಜಗಳ ಊಟದ ಹೊತ್ತಿನವರೆಗೂ ನಡೆಯಿತು. ಮೈಕಕ್ಕ ಅಡ್ಡ ಹೋಗದೆ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದಳು.