ಕೊಂದವನ ಹೆಸರು ಕೂಗುವ ಚನ್ನಾಜಮ್ಮ

ಚನ್ನಾಜಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಹನೂರಿನ ಟೂರಿಂಗ್ ಟಾಕೀಸಿನ ಗೇಟಿನಲ್ಲಿ ನಾನು ಟಿಕೆಟ್ ಹರಿಯುತ್ತಿದ್ದೆ. ಅವಳು ನನ್ನ ಮಗ್ಗುಲಲ್ಲೇ ಮಂಕರಿ ಇಟ್ಟುಕೊಂಡು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಯಾರ ಮುಂದೂ ಕೈಯೊಡ್ಡದೆ ಬದುಕಿದಳು ಎಂದು ಜನ ಹೊಗಳುವುದುಂಟು. ಇರಬಹುದು. ಅವಳ ನಾಲಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವನು ನಾನು.

ಅದು ಅರವತ್ತರ ದಶಕದ ಕೊನೆ. ಹೊಡೆದಾಟದ ಚಿತ್ರ ಬಂದರೆ ಅವಳಿಂದ ತೊಂದರೆಯಿರಲಿಲ್ಲ. ಕೊಲೆಯ ಚಿತ್ರ ಬಂದರೆ ಅವಳಿಗೆ ಸುಗ್ಗಿ. ಮೊದಲ ಆಟ ಬಿಟ್ಟು ಬರುವವರ ಬಾಯಿಂದ ಕೊಲೆಗಾರ ಯಾರೆಂದು ತಿಳಿದುಕೊಳ್ಳುವಳು. ಎರಡನೇ ಆಟಕ್ಕೆ ಬಂದವರು ಕಡಲೆಕಾಯಿ ಕೊಳ್ಳದೆ ಒಳಗೆ ಹೊರಟರೆ ಬೆನ್ನ ಹಿಂದೆ ಕೂಗುವಳು: "ಓಗ್ಲಾ ಓಗು, ಕೊಂದೋನು ಡಾಕ್ಟ್ರು ಕಣ್ಲಾ!" ಶಾಗ್ಯದಿಂದ ಗಾಡಿ ಕಟ್ಟಿಕೊಂಡು ಬಂದವರ ಮುಖ ಅಲ್ಲೇ ಹುಳ್ಳಗಾಗುತ್ತಿತ್ತು. ಅದಕ್ಕೇ ಜನ ಹೆದರಿ, ಹಸಿವಿಲ್ಲದಿದ್ದರೂ ಕೊಳ್ಳುತ್ತಿದ್ದರು. ಅವಳು ಮಾತ್ರ ಒಂದು ಚಿತ್ರವನ್ನೂ ಕೂತು ನೋಡಿದವಳಲ್ಲ. "ಏನೈತೆ ಅದ್ರಲ್ಲಿ? ಒಬ್ಬ ಸತ್ತ, ಒಬ್ಬ ಕೊಂದ. ಅಷ್ಟು ಯೋಳಕ್ಕೆ ಅಷ್ಟೊತ್ತು ಯಾಕ್ಲಾ?" ಎನ್ನುವಳು.

ಒಂದು ಬೇಸಿಗೆ ಅಂಥದೇ ಚಿತ್ರ ಬಂತು. ಹಾಡಿಲ್ಲ, ಕುಣಿತವಿಲ್ಲ. ಒಂದು ಬಂಗಲೆ, ಅಲ್ಲಿ ಕಾಯಿಲೆ ಬಿದ್ದ ಸೊಸೆಯ ಹಾಲಿಗೆ ಮನೆಯವರೇ ಯಾರೋ ದಿನಾ ಒಂದಿಷ್ಟು ವಿಷ ಬೆರೆಸುತ್ತಾರೆ. ಯಾರೆಂದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಚನ್ನಾಜಮ್ಮ ಎರಡನೇ ದಿನಕ್ಕೇ "ಭಾವ ಕಣ್ಲಾ, ಭಾವ" ಎಂದು ಊರೆಲ್ಲ ಸಾರಿದಳು.

ಟೆಂಟಿನ ಯಜಮಾನ ಕೆಂಪನಂಜಪ್ಪನವರಿಗೆ ಪಿತ್ತ ನೆತ್ತಿಗೇರಿತು. ಮಾರನೆಯ ಸಂಜೆ ಬಂದವರೇ, "ನನ್ ಟೆಂಟ್ಗೆ ಕಲ್ಲಾಕ್ತಿಯಾ? ಇನ್ಮ್ಯಾಕೆ ಈ ಗೇಟ್ತಾವ ಕಾಲಿಕ್ಕಬ್ಯಾಡ" ಎಂದು ಮಂಕರಿ ಕಿತ್ತು ಆಪರೇಟರ್ ಮಲಗುವ ಕೋಣೆಯೊಳಗಿಟ್ಟು ಬೀಗ ಹಾಕಿಸಿದರು.

"ಅಂಗಾರೆ ಒಳಕ್ಕೇ ಓಯ್ತೀನಿ. ಮಧ್ಯದಲ್ಲಿ ಎದ್ ನಿಂತ್ಕಂಡು ಅವನ ಎಸ್ರು ಕೂಗ್ತೀನಿ. ಅದೇನ್ ಮಾಡ್ಕತೀರೋ ಮಾಡ್ಕಳಿ!" ಎಂದವಳು ಟಿಕೆಟ್ ತೆಗೆದು ಹೆಂಗಸರ ಕಡೆಗೆ ನುಗ್ಗಿದಳು. ನಡುವೆ ಕಟ್ಟಿದ ಬಿದಿರು ತಡಿಕೆಯಾಚೆ ಗಂಡಸರು ಕಾಲಿಡುವಂತಿಲ್ಲ. ಎಳೆದು ತರುವವರು ಯಾರು? ಯಜಮಾನರೂ ನಾನೂ ತಡಿಕೆಯ ಪಕ್ಕ ನಿಂತು ಅವಳನ್ನೇ ಕಾಯತೊಡಗಿದೆವು.

ಸೆರಗು ಬಿಗಿದು ಗುರಾಯಿಸುತ್ತ ಕೂತಿದ್ದಳು. ತೆರೆಯ ಮೇಲೆ ಯಾರೋ ಹಾಲು ಕಲಕುತ್ತಿದ್ದರು, ಗಡಿಯಾರ ಬಡಿಯುತ್ತಿತ್ತು, ಮತ್ತೇನೂ ಇಲ್ಲ. ಒಮ್ಮೆ ಎದ್ದಳು. ತೆರೆ ನೋಡುತ್ತಲೇ ಹಾಗೇ ಕೂತಳು. ಆಮೇಲೆ ಭಾವ ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತಿದ. ನಿಧಾನಕ್ಕೆ ಹತ್ತಿದ. ಅರ್ಧದಲ್ಲಿ ನಿಂತು ಲೋಟದೊಳಗೆ ನೋಡಿ ನಕ್ಕ. ಅವನೇ ಎಂದು ಅವಳಿಗೆ ಗೊತ್ತು, ಅವಳ ದೆಸೆಯಿಂದ ನನಗೂ ಗೊತ್ತು. ಆದರೂ ಅವಳನ್ನು ಕಾಯುವುದು ಮರೆತು ತೆರೆಯನ್ನೇ ನೋಡುತ್ತಿದ್ದೆ. ಟೆಂಟಿನಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಕೆಮ್ಮೂ ಇಲ್ಲ.

ಚನ್ನಾಜಮ್ಮ ಮತ್ತೆ ಎದ್ದಳು. ಇವಳ ಬಾಯಿಗೆ ಮಣ್ಣು ಹಾಕ ಎಂದು ಶಪಿಸಿದೆ. ಯಜಮಾನರು ನನ್ನ ತೋಳು ಹಿಡಿದುಕೊಂಡರು. ಅತ್ತ ಸೊಸೆ ಲೋಟ ಎತ್ತಿದಳು.

"ಕುಡೀಬ್ಯಾಡ ಕಣವ್ವೋ!" ಎಂದು ಚೀರಿದಳು ಚನ್ನಾಜಮ್ಮ. "ನಿನ್ ದಮ್ಮಯ್ಯ, ಚೆಲ್ಬುಡವ್ವಾ!"

ಅವಳ ಹಿಂದೆಯೇ ಹೆಂಗಸರ ಕಡೆಯೆಲ್ಲ ಎದ್ದು ನಿಂತು ಕೂಗಿತು.

ಆಟ ಬಿಟ್ಟ ಮೇಲೆ ಯಜಮಾನರು ಕೋಣೆಯ ಬೀಗ ತೆಗೆಸಿದರು. ಅವಳು ಮಂಕರಿ ತಂದು ಗೇಟಿನ ಪಕ್ಕ ಕೂತಳು. ಎರಡನೇ ಆಟಕ್ಕೆ ಬಂದ ಕುಂತೂರಿನವನೊಬ್ಬ ಕೆಣಕಿದ: "ಯಾರಮ್ಮೋ ಕೊಂದೋನು? ನಾನಂತೂ ನಿನ್ ಕಳ್ಳೆಕಾಯಿ ತಕಳಾಕಿಲ್ಲ."

ಅವಳು ಬಾಯಿ ತೆರೆದಳು. ಟೆಂಟಿನ ಕಡೆ ಒಮ್ಮೆ ನೋಡಿದಳು. "ಕೊಂದೋನು ನಿಮ್ಮಪ್ಪ. ಒಳಕ್ಕೋಗಿ ಕೂತ್ಕಂಡು ನೋಡ್ಲಾ, ಮೂದೇವಿ!"

ಅವಳು ಇನ್ನು ಹೆಸರು ಹೇಳುವುದಿಲ್ಲ ಎನ್ನುವುದು ನಾಲ್ಕು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಹೆದರಿಕೆ ಹೋದ ಮೇಲೆ ಕಡಲೆಕಾಯಿ ಯಾರಿಗೆ ಬೇಕು? ತಂದ ಮಂಕರಿ ತಂದಂತೆಯೇ ಮನೆಗೆ ಹೋಗತೊಡಗಿತು. ನಾನೂ ಕೊಳ್ಳಲಿಲ್ಲ.