ಪೂಜೆಗೆ ಕೂತವರನ್ನು ಮುಟ್ಟಬಾರದು

ಚಂದದ ಜಾಗ ನೋಡಲಿಕ್ಕೆಂದೇ ಮನೆ ಬಿಟ್ಟು ಹೊರಡುವ ಜನ ನಾವಾಗಿರಲಿಲ್ಲ. ಭದ್ರಾವತಿಯ ಹಳೇ ನಗರದಲ್ಲಿ ಅಪ್ಪಾಜಿಯ ಬಟ್ಟೆ ಅಂಗಡಿ ಇತ್ತು. ಯುಗಾದಿಯ ದಿನವೂ ಅದರ ಅರ್ಧ ಬಾಗಿಲು ತೆರೆದೇ ಇರುತ್ತಿತ್ತು. ಅಂಥವರು ಅರವತ್ತರ ದಶಕದ ಒಂದು ಚಳಿಗಾಲದಲ್ಲಿ ಅಂಗಡಿಗೆ ಬೀಗ ಹಾಕಿ, ಶಿವಮೊಗ್ಗದಾಚೆಯ ಗುಡ್ಡದ ವನಕ್ಕೆ ನಮ್ಮನ್ನು ಹೊರಡಿಸಿದರು. ಕಾರಣ ಡಾಕ್ಟರು. ದೀಪಾವಳಿ ವ್ಯಾಪಾರದ ನಡುವೆ ಅಪ್ಪಾಜಿ ಎದೆ ಹಿಡಿದುಕೊಂಡು ಬಟ್ಟೆಯ ಥಾನುಗಳ ಮೇಲೆ ಒರಗಿಬಿಟ್ಟಿದ್ದರು. ಹದಿನೈದು ದಿನ ಮಲಗಿಸಿದ ಮೇಲೆ ಡಾಕ್ಟರು, "ದಿನಾ ಮೆಲ್ಲಗೆ ನಡೀರಿ, ಒಳ್ಳೇ ಗಾಳಿ ತಗೊಳ್ಳಿ. ಇನ್ನೊಂದು ಸಲ ಹೀಗಾದ್ರೆ ಕಷ್ಟ" ಎಂದಿದ್ದರು. ಆಗ ನಾನೂ ಅವ್ವನ ಪಕ್ಕದಲ್ಲೇ ಇದ್ದೆ. ನನಗೆ ಹದಿಮೂರು ವರ್ಷ, ಅರ್ಥವಾಗದ ವಯಸ್ಸೇನಲ್ಲ.

"ಏನ್ ಸಾಹುಕಾರ್ರೇ, ದೊರೆಗಳ ಥರ ಗಾಳಿ ಸೇವನೆಗೆ ಹೊರಟ್ರಾ?" ಎಂದು ಪಕ್ಕದಂಗಡಿಯವರು ನಕ್ಕರು. ಅಪ್ಪಾಜಿಗೆ ನಾಚಿಕೆಯಾಗಿರಬೇಕು, ತಲೆ ತಗ್ಗಿಸಿಕೊಂಡು ಸ್ಟೇಷನ್ನಿನ ದಾರಿ ಹಿಡಿದರು.

ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಅಪ್ಪಾಜಿ ಹನಿ ನೀರೂ ಕುಡಿಯುತ್ತಿರಲಿಲ್ಲ. ಆ ಅರ್ಧ ಗಂಟೆ ಅವರನ್ನು ಯಾರೂ ಮಾತಾಡಿಸುವಂತಿಲ್ಲ, ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ಸ್ಲೇಟು ಒಡೆದದ್ದನ್ನು ಹೇಳಲು ಹಿಂದಿನಿಂದ ಹೋಗಿ ಅವರ ಭುಜ ಅಲುಗಿಸಿದ್ದಕ್ಕೆ ಅವ್ವನ ಕೈಯಲ್ಲಿ ಕೆನ್ನೆ ಊದುವಂತೆ ಏಟು ತಿಂದಿದ್ದೆ. ಆ ದಿನ ಮೊದಲ ರೈಲಿನ ಗಡಿಬಿಡಿಯಲ್ಲಿ ಪೂಜೆ ಆಗಿರಲಿಲ್ಲ.

"ಬರೀ ಹೊಟ್ಟೇಲಿ ಗುಡ್ಡ ಹತ್ತೋದಾ? ಇಲ್ಲೇ ಎಲ್ಲಾದ್ರೂ ಮುಗಿಸ್ಕೊಳ್ರಿ" ಎಂದು ಶಿವಮೊಗ್ಗದಲ್ಲಿ ಇಳಿಯುತ್ತಲೇ ಅವ್ವ ಹೇಳಿದಳು.

"ಈ ಗದ್ದಲದಲ್ಲಾ? ಮೇಲೆ ಹೋಗಿ ಶಾಂತವಾಗಿ ಮಾಡ್ತೀನಿ ಬಿಡು ಮಾರಾಯ್ತಿ."

ಜಟಕಾ ನಮ್ಮನ್ನು ಗುಡ್ಡದ ಬುಡದಲ್ಲಿ ಇಳಿಸಿತು. ದಾರಿಯ ಎರಡೂ ಬದಿಗೆ ಸುಣ್ಣ ಬಳಿದ ಕಲ್ಲುಗಳು, ಕಣಿವೆ ಕಾಣುವ ತಿರುವುಗಳಲ್ಲಿ ಸಿಮೆಂಟಿನ ಬೆಂಚುಗಳು. ಮೊದಲ ತಿರುವಿನಲ್ಲೇ ಅಪ್ಪಾಜಿ ಕೂತರು. "ನೋಡ್ರೇ, ಹೊಳೆ ಎಷ್ಟು ಚಂದ ಕಾಣ್ತದೆ!" ಎಂದರು. ಕೆಳಗೆ ತುಂಗೆ ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಆಶ್ಚರ್ಯ. ಊರಲ್ಲಿ ಭದ್ರೆ ತುಂಬಿ ಹರಿದರೂ ಅಂಗಡಿಯಿಂದ ಎದ್ದು ಬಂದು ನೋಡಿದವರಲ್ಲ ಇವರು. ಎರಡನೆಯ ತಿರುವಿನಲ್ಲಿ ದೂರದ ಹೊಗೆಯ ಎಳೆಯೊಂದನ್ನು ತೋರಿಸಿ, "ಅಲ್ಲೇ ನಮ್ಮೂರು" ಎಂದು ಮತ್ತೆ ಕೂತರು.

"ನಮ್ಮೂರು ನೋಡೋಕೆ ಇಲ್ಲೀತನಕ ಬರಬೇಕಿತ್ತಾ ಅಪ್ಪಾಜಿ?" ಎಂದು ರೇಗಿಸಿದೆ. ಅವರು ನಕ್ಕರು. ಉತ್ತರ ಕೊಡುವಷ್ಟು ಉಸಿರು ಅವರಲ್ಲಿರಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ. ಆಗ ನಾನು ತಂಗಿಯ ಕೈ ಹಿಡಿದುಕೊಂಡು ಮುಂದೆ ಓಡಿದೆ.

ತುದಿಯಲ್ಲಿ ಒಂದು ದೊಡ್ಡ ಬಂಡೆ. ಅಪ್ಪಾಜಿ ತಂಬಿಗೆಯ ನೀರಲ್ಲಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಬಂಡೆಗೆ ಒರಗಿಕೊಂಡು ಕಣಿವೆಯ ಕಡೆ ಮುಖ ಮಾಡಿ ಪೂಜೆಗೆ ಕೂತರು. ನಾವು ಹಿಂದೆ ಇಪ್ಪತ್ತು ಹೆಜ್ಜೆ ದೂರದ ನೇರಳೆ ಮರದಡಿ ಬುತ್ತಿಯ ಗಂಟು ಇಟ್ಟುಕೊಂಡು ಕಾದೆವು. ಅರ್ಧ ಗಂಟೆ ಕಳೆಯಿತು. ತಂಗಿಗೆ ಐದು ವರ್ಷ, ರೊಟ್ಟಿ ಬೇಕೆಂದು ರಂಪ ಶುರು ಮಾಡಿದಳು. "ನೀರಾದ್ರೂ ಕುಡಿಸೋಣ. ಸದ್ದು ಮಾಡದೆ ತಂಬಿಗೆ ತಗೊಂಬಾ" ಎಂದು ಅವ್ವ ನನ್ನನ್ನು ಕಳಿಸಿದಳು.

ಮನೆಯಲ್ಲಿ ಅವರು ಮಕ್ಕಳಾದ ನಮಗೆ ಬೆನ್ನು ಮಾಡಿಯೇ ಪೂಜೆಗೆ ಕೂರುತ್ತಿದ್ದುದರಿಂದ ಆ ಹೊತ್ತಿನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಲಿಂಗ ಇನ್ನೂ ಅಂಗೈಯಲ್ಲೇ ಇತ್ತು. ತುಟಿ ಅಲುಗುತ್ತಿತ್ತು. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ತಿರುಗಿ ಅವ್ವನನ್ನು ನೋಡಿದೆ. ಅವಳು ಬಾಯಿಗೆ ಅಡ್ಡಲಾಗಿ ಬೆರಳು ಹಿಡಿದು, ಬಾ ಬಾ ಎಂದು ಕೈ ಮಾಡಿದಳು. ಮಂತ್ರವೇ ಇರಬೇಕೆಂದುಕೊಂಡು ತಂಬಿಗೆ ಎತ್ತಿಕೊಂಡು, ತುದಿಗಾಲಲ್ಲಿ ವಾಪಸು ಬಂದೆ.

ಮತ್ತೆಷ್ಟು ಹೊತ್ತು ಕಾದೆವೋ. ಕೊನೆಗೆ ತಂಗಿ ಅವ್ವನ ಕೈ ಕೊಸರಿಕೊಂಡು ಓಡಿಹೋಗಿ ಅಪ್ಪಾಜಿಯ ಕೊರಳು ತಬ್ಬಿದಳು. ಅವರು ಪಕ್ಕಕ್ಕೆ ವಾಲಿದರು. ಅವ್ವನ ಕೂಗು ಕೇಳಿ ವನದ ಕಾವಲುಗಾರ ಓಡಿಬಂದು, ಮೂಗಿನ ಹತ್ತಿರ ಕೈ ಹಿಡಿದು ನೋಡಿದ.

"ಎಷ್ಟೊತ್ತಿಂದ ಹಿಂಗೇ ಕೂತಿದ್ರವ್ವ?"

"ಪೂಜೆ ಮಾಡ್ತಿದ್ರು" ಎಂದಳು ಅವ್ವ. ಅವನು ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು, ಎಡಗೈಯಲ್ಲಿ ಲಿಂಗವಿಟ್ಟು. ಗುಣಿಯಲ್ಲಿ ಅಪ್ಪಾಜಿ ಬಂಡೆಗೆ ಒರಗಿದ್ದ ಹಾಗೆಯೇ ಕಂಡರು. ಊರಿಗೆ ಊರೇ, "ಎಂಥ ಪುಣ್ಯದ ಸಾವು, ಪೂಜೆಯಲ್ಲೇ ಲಿಂಗೈಕ್ಯ" ಎಂದು ಕೊಂಡಾಡಿತು. ಗಾಳಿ ಸೇವನೆಗಾ ಎಂದು ನಕ್ಕವರೇ ಬಂದು ಅವ್ವನಿಗೆ ಕೈಮುಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಮಾತಿನಿಂದಲೇ ಅವ್ವ ಎರಡು ತುತ್ತು ಉಣ್ಣತೊಡಗಿದಳು, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ವಾರದ ಮೇಲೆ, ಮಾತಾಡಿಸಲು ಬಂದ ನೆಂಟರ ಹೆಂಗಸೊಬ್ಬರು, "ಕೊನೇ ಗಳಿಗೇಲಿ ಯಾವ ಮಂತ್ರ ಹೇಳ್ತಿದ್ರೋ ಪುಣ್ಯಾತ್ಮರು" ಎಂದರು.

"ಮಂತ್ರ ಹೇಳೋರೇ ಅಲ್ಲ ಕಣ್ರೀ ಅವರು" ಎಂದಳು ಅವ್ವ, ಹೆಮ್ಮೆಯಿಂದಲೇ. "ಅವರ ಕೈ ಹಿಡಿದಾಗಿಂದ ಪೂಜೇಲಿ ಒಂದಿನಾನೂ ತುಟಿ ಅಲುಗಿಸಿದ್ದು ನಾ ಕಂಡಿಲ್ಲ. ಲಿಂಗಾನ ನೋಡ್ತಾ ಸುಮ್ನೆ ಕೂತಿರೋರು."

ನಾನು ಬಾಗಿಲ ಹಿಂದೆ ಇದ್ದೆ. ಅಂದರೆ ಆ ಬಂಡೆಯ ಬಳಿ ಅಪ್ಪಾಜಿ ನನ್ನನ್ನು ಕರೆಯುತ್ತಿದ್ದರು. ಅವ್ವ ಇರುವ ತನಕ ನಾನಿದನ್ನು ಹೇಳಲಿಲ್ಲ. ಹೇಳಿದ್ದರೆ, ಬಾಯಿಗೆ ಬೆರಳು ಹಿಡಿದು ನನ್ನನ್ನು ವಾಪಸು ಕರೆದವಳು ತಾನೇ ಎಂಬುದು ಅವಳಿಗೆ ನೆನಪಾಗುತ್ತಿತ್ತು.