ಕೀಲಿ ಹಾಕಲು ಕಲಿಸಿದ ಅಕ್ಕೋರು

ನಾನು ಸಾಲಿ ಬಿಟ್ಟದ್ದು 2003ರಲ್ಲಿ. ಅಕ್ಕೋರನ್ನು ಮೊದಲ ಸಲ ಕಂಡದ್ದು ಅದಾಗಿ ಐದಾರು ವರ್ಷಕ್ಕೆ. ಆಗ ಅವರು ಲಿಂಗಸುಗೂರಿನಲ್ಲಿ ತಾವೇ ಕಲಿಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಚಳಿಗೆ ಹಾಗೆ ಕೂತಿದ್ದಾರೆ ಅಂದುಕೊಂಡೆ. ಆದರೆ ಅದು ಬೇಸಿಗೆ. ಬೇಸಿಗೆಯಲ್ಲಿ ನಮ್ಮ ಕಡೆ ಕುರ್ಚಿಯೇ ಸುಡುತ್ತದೆ.

ಸಾಲಿ ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟಿತು. ನನಗಿಂತ ಸಣ್ಣವರ ಪಕ್ಕ, ಅದೇ ಬೆಂಚಿನ ಮೇಲೆ ಇನ್ನೊಂದು ವರ್ಷ ಕೂಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಮನೆಯಲ್ಲಿ ಯಾರೂ ಬಿಡು ಅನ್ನಲಿಲ್ಲ, ನಾನೇ ಬಿಟ್ಟೆ. ಮಸ್ಕಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಲೈಟ್ ಹಿಡಿಯುವ ಕೆಲಸಕ್ಕೆ ಸೇರಿಕೊಂಡೆ. ಲೈಟ್ ಹಿಡಿದು ಹಿಡಿದು ಒಂದು ದಿನ ಕ್ಯಾಮೆರಾವೇ ನನ್ನ ಕೈಗೆ ಬಂತು. ಅಷ್ಟೊತ್ತಿಗೆ ರೀಲಿನ ಕಾಲ ಮುಗಿದು ಎಲ್ಲವೂ ಕಂಪ್ಯೂಟರಿಗೆ ಬಂದಿತ್ತು. ಕಲಿಯದಿದ್ದರೆ ಮತ್ತೆ ಲೈಟೇ ಗತಿ ಎಂದು ಲಿಂಗಸುಗೂರಿನ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೆ ಒಂದು ಖೋಲಿ. ಬಾಗಿಲಲ್ಲಿ ಒಂದು ಬಕೆಟ್ ನೀರು, ಮೊಳೆಗೆ ಒಂದು ಟವೆಲ್. ಕೈ ತೊಳೆಯದೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಅಲ್ಲಿ ಕಲಿಯುತ್ತಿದ್ದವರೆಲ್ಲ ಕಾಲೇಜಿನವರು. ಎಷ್ಟು ಓದೀ ಎಂದು ಅಕ್ಕೋರು ಎಲ್ಲರೆದುರೇ ಕೇಳಿದರು. ನಾನು ತಲೆ ತಗ್ಗಿಸಲಿಲ್ಲ.

"ಒಂಬತ್ತನೇತ್ತಕ್ಕ ಬಿಟ್ಟೀನ್ರಿ. ದುಡ್ಯಾಕ ಬರ್ತೈತಿ," ಅಂದೆ.

"ಹಂಗಾರ ಕೈ ಚಲೋ ಅದಾವ ಅನ್ನು. ಈಗ ಆ ಎರಡೂ ಕೈ ತೊಡಿ ಕೆಳಗ ಇಟ್ಕೊಂಡು ಕೂಡು."

ಅದೇ ನನ್ನ ಮೊದಲ ಪಾಠ. ಯಾವ ಯಂತ್ರ ಕೆಟ್ಟರೂ, ಯಾರು ತಂದರೂ, ಅಕ್ಕೋರು ಮೊದಲು ಕೈಗಳನ್ನು ತೊಡೆಯ ಕೆಳಗೆ ಸೇರಿಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು. ಯಾವಾಗ ಕೆಟ್ಟಿತು, ಅದಕ್ಕೆ ಮುಂಚೆ ಏನು ಮಾಡಿದಿರಿ, ಅದಕ್ಕೂ ಮುಂಚೆ? ಬಂದವರು ಪೂರ್ತಿ ಹೇಳಿ ಮುಗಿಸುವ ತನಕ ಮೌಸ್ ಮುಟ್ಟುತ್ತಿರಲಿಲ್ಲ. "ಮೊದಲ ಹೇಳ್ರಿ, ಆಮ್ಯಾಲ ಮುಟ್ತೀನಿ" ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಆಗ ಬಜಾರಿನಲ್ಲಿ ಎಲ್ಲ ರೋಗಕ್ಕೂ ಇದ್ದದ್ದು ಒಂದೇ ಮದ್ದು: ಎಲ್ಲ ಅಳಿಸು, ಫಾರ್ಮ್ಯಾಟ್ ಹೊಡಿ. ಇಲಿ ಹೊಕ್ಕಿತು ಅಂತ ಮನಿ ಕೆಡವುತೀರೇನು ಎಂದು ಅಕ್ಕೋರು ಬೈಯುತ್ತಿದ್ದರು.

ಅವರದು ಬೌದ್ಧರ ಮನೆ. ಕಂಪ್ಯೂಟರ್ ಡಬ್ಬಿಯ ಮೇಲೆ ಗೇಣುದ್ದದ ಬುದ್ಧ, ಅವನ ಮುಂದೆ ಊದಿನಕಡ್ಡಿ. ಅಕ್ಕೋರು ಕೂಡುವುದನ್ನು ಕಲಿತದ್ದು ಇವನಿಂದಲೇ ಎಂದು ಹುಡುಗರು ನಗಾಡುತ್ತಿದ್ದರು. ಅದು ಒಮ್ಮೆ ಅವರ ಕಿವಿಗೆ ಬಿತ್ತು.

"ಅಂವ ದೊಡ್ಡಾಂವ, ತೊಡಿ ಮ್ಯಾಲ ಕೈ ಇಟ್ರೂ ನಡೀತೈತಿ. ನನ್ನ ಕೈ ನನ್ನ ಮಾತು ಕೇಳಂಗಿಲ್ಲ. ಅದಕ್ಕ ಕೆಳಗ ಇಟ್ಟೀನಿ," ಅಂದರು.

ಕೀಬೋರ್ಡಿನ ಮೇಲೆ ನನ್ನ ಬೆರಳು ಕುಟ್ಟುವ ಸದ್ದು ಕೇಳಿ, ಭತ್ತ ನಾಟಿ ಮಾಡಾಕತ್ತೀಯೇನು, ಅದು ಕೆಸರಲ್ಲ, ಮೆಲ್ಲಗ ಒತ್ತು ಎನ್ನುತ್ತಿದ್ದರು. ನಾನು ಸಿಟ್ಟಿನ ಮನುಷ್ಯ. ಬೇರೆ ಯಾರಾದರೂ ಅಂದಿದ್ದರೆ ಎದ್ದು ಹೋಗುತ್ತಿದ್ದೆ. ಅವರು ಬೈದರೆ ಮಾತ್ರ ಮನೆಯವರು ಬೈದಂತೆ ಅನಿಸುತ್ತಿತ್ತು.

ಮುಂದೆ ಮಸ್ಕಿಯಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ. ಕಂಪ್ಯೂಟರ್ ಕೊಂಡ ದಿನ ಅಕ್ಕೋರಿಗೆ ಪೇಡೆ ಕೊಡಲು ಹೋದೆ. ಪೇಡೆ ಬಾಯಿಗೆ ಹಾಕಿಕೊಳ್ಳುವ ಮೊದಲೇ ಅವರು ಕೇಳಿದ್ದು, ಮಂದಿ ಮನೆಯ ಹೆಣ್ಣುಮಕ್ಕಳ ಫೋಟೋಕ್ಕೆ ಏನು ಕಾವಲು ಎಂದು. ಅವರ ಮಾನ ನಿನ್ನ ಡಬ್ಬಿಯೊಳಗೆ ಇರುತ್ತದೆ, ಹುಷಾರು ಅಂದರು. ಫೋಲ್ಡರಿಗೆ ಕೀಲಿ ಹಾಕುವುದು ಹೇಗೆಂದು ಅವತ್ತೇ ತೋರಿಸಿದರು. ಒಂದು ಕಡೆ ಗುರುತು ಹಾಕಿದರಾಯಿತು, ಒಳಗಿನದೆಲ್ಲ ಬೇರೆಯವರಿಗೆ ಓದಲು ಬಾರದಂತೆ ಆಗಿಬಿಡುತ್ತದೆ. ಕೀಲಿಕೈಯ ಇನ್ನೊಂದು ಪ್ರತಿ ತೆಗೆದಿಡು ಎಂದೂ ಹೇಳಿದ್ದರು. ಆಯ್ತ್ರಿ ಅಂದು ಬಂದೆ. ಆದರೆ ಆ ಪ್ರತಿ ತೆಗೆಯಲಿಲ್ಲ.

ಒಂದು ಬೇಸಿಗೆಯಲ್ಲಿ ಮಸ್ಕಿಯ ಮದುವೆಯೊಂದಕ್ಕೆ ಫೋಟೋ ತೆಗೆಯಲು ಹೋಗಿದ್ದೆ. ಹುಡುಗಿಯ ಮುತ್ಯಾ, ಅಂದರೆ ಅಜ್ಜ, ಮುಕ್ಕುಂದ ಊರಿನವರು. ಗಟ್ಟಿ ಆಳು, ಹಣೆ ತುಂಬ ವಿಭೂತಿ. ಅವರು ಕೆಮ್ಮಿದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಕ್ಯಾಮೆರಾ ತಿರುಗಿಸಿದಾಗೆಲ್ಲ ಮುಖಕ್ಕೆ ಟವೆಲ್ ಎಳೆದುಕೊಳ್ಳುತ್ತಿದ್ದ ಆ ಹಿರಿಯರು, ಊಟದ ಹೊತ್ತಿನಲ್ಲಿ ನನ್ನನ್ನು ಪೆಂಡಾಲಿನ ಹಿಂದೆ ಕರೆದರು.

"ತಮ್ಮಾ, ನಂದು ಒಂದ ತೆಗಿ. ಈಗ ಯಾರಿಗೂ ತೋರಿಸಬ್ಯಾಡ. ನಾ ಹೋದಾಗ ನನ್ನ ಮಗ ಬರ್ತಾನ, ಅವನ ಕೈಯಾಗ ಕೊಡು."

ತೆಗೆದೆ. ಒಂದೇ ಒಂದು. ಮಾತು ಕೊಟ್ಟೆ. ಅವತ್ತೇ ಆ ಫೋಟೋವನ್ನು ಬೇರೆ ಫೋಲ್ಡರಿನಲ್ಲಿಟ್ಟು ಕೀಲಿ ಹಾಕಿದೆ. ಹಾಕುವುದೇ ಆದರೆ ಎಲ್ಲದಕ್ಕೂ ಇರಲಿ ಎಂದು ಹಳೆಯ ಮದುವೆಗಳಿಗೂ ಹಾಕಿದೆ.

ಅಲ್ಲಿಂದ ಮುಂದೆ ನನ್ನ ಕಂಪ್ಯೂಟರಿನ ಹುಡುಕಾಟ ಕೆಟ್ಟಿತು. ಮೊದಲೆಲ್ಲ ಊರ ಹೆಸರಿನ ನಾಲ್ಕು ಅಕ್ಷರ ಹೊಡೆದರೆ ಮದುವೆ ಬಂದು ನಿಲ್ಲುತ್ತಿತ್ತು. ಈಗ ಏನು ಹೊಡೆದರೂ ಏನೂ ಇಲ್ಲ ಅನ್ನುತ್ತಿತ್ತು. ಇಷ್ಟು ಸಣ್ಣದಕ್ಕೆ ಅಕ್ಕೋರ ಹತ್ತಿರ ಏಕೆ ಎಂದು ಸಿಂಧನೂರಿನ ದೊಡ್ಡ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಹಳೆಯ ಡಿಸ್ಕ್ ತೆಗೆದು, ಹೊಸ ಡಿಸ್ಕ್ ಹಾಕಿ, ಎಲ್ಲ ಹೊಸದಾಗಿ ತುಂಬಿ ಕೊಟ್ಟರು. ಫೋಟೋ ಇದ್ದ ಡಿಸ್ಕ್ ಬೇರೆ, ಅದು ಹಾಗೇ ಉಳಿಯಿತು. ಕಂಪ್ಯೂಟರ್ ಓಡತೊಡಗಿತು. ಹಳೆಯ ಮದುವೆಗಳು ಆಗಲೂ ಸಿಗಲಿಲ್ಲ. ಆದರೆ ಸೀಜನ್ ಮುಗಿದಿತ್ತು, ಯಾರೂ ಕೇಳಲಿಲ್ಲ, ನಾನೂ ಬಿಟ್ಟೆ.

ದೀಪಾವಳಿ ಆದ ಮೇಲೆ ಮುಕ್ಕುಂದದ ಮುತ್ಯಾನ ಮಗ ಬಂದ. ಕೈಯಲ್ಲಿ ಶಿವಗಣಾರಾಧನೆಯ ಕಾರ್ಡುಗಳಿದ್ದವು. ಮುತ್ಯಾ ತೀರಿಕೊಂಡರೆಂದು ನೋಡಿದ ಕೂಡಲೇ ತಿಳಿಯಿತು.

"ಅಪ್ಪ ಹೇಳಿ ಹೋಗ್ಯಾನ, ನಿಮ್ಮ ಹತ್ರ ತನ್ನದೊಂದು ಫೋಟೋ ಐತಂತ. ಶಿವಗಣಾರಾಧನಿಗೆ ಅದನ್ನ ಇಡಬೇಕು," ಅಂದ.

ಅವನನ್ನು ಕೂಡಿಸಿ, ಕಂಪ್ಯೂಟರ್ ತೆಗೆದು, ಕಣ್ಣಲ್ಲೇ ಹುಡುಕಿ ಆ ಫೋಲ್ಡರನ್ನು ಹಿಡಿದೆ. ಫೋಟೋ ಇತ್ತು. ಹೆಸರೂ ಇತ್ತು. ಒತ್ತಿದರೆ, ನಿನಗೆ ಅನುಮತಿ ಇಲ್ಲ ಅಂತು. ನನ್ನದೇ ಅಂಗಡಿ, ನನ್ನದೇ ಕಂಪ್ಯೂಟರ್, ನಾನೇ ತೆಗೆದ ಫೋಟೋ. ನಾಳೆ ಬರ್ರಿ ಅಣ್ಣಾರ ಅಂದು ಕಳಿಸಿದೆ. ಕೆಲಸದಲ್ಲಿ ನನ್ನ ಮಾತು ಅಲ್ಲಿಯ ತನಕ ತಪ್ಪಿರಲಿಲ್ಲ, ಮತ್ತು ಈ ಮಾತನ್ನು ನಾನು ಕೊಟ್ಟದ್ದು ಈಗ ಇಲ್ಲದವರಿಗೆ. ಸಿಂಧನೂರಿಗೆ ಫೋನ್ ಮಾಡಿದರೆ, ಅದು ಹೋತು ಬಿಡ್ರಿ ಅಂದರು.

ಕಂಪ್ಯೂಟರನ್ನು ಗೋಣಿಚೀಲದಲ್ಲಿ ಹಾಕಿ, ಮಡಿಲಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ಸಿನಲ್ಲಿ ಕೂತೆ. ಕೂಸಿಗೆ ಅರ್ಧ ಟಿಕೆಟ್ ತಗೋ ಎಂದು ಕಂಡಕ್ಟರ್ ಚೇಷ್ಟೆ ಮಾಡಿದ. ನನಗೆ ನಗು ಬರಲಿಲ್ಲ.

ಅಕ್ಕೋರು ಕೈ ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಮುತ್ಯಾನಿಂದ ಹಿಡಿದು ಹೇಳಿದೆ. ಕೀಲಿ ಹಾಕಿದ್ದು, ಹುಡುಕಾಟ ಕೆಟ್ಟದ್ದು, ಡಿಸ್ಕ್ ಬದಲಿಸಿದ್ದು, ಒಂದೂ ಬಿಡದೆ.

"ಹುಡುಕಾಟ ಕೆಟ್ಟಿದ್ದಿಲ್ಲೋ," ಅಂದರು. "ನೀ ಕೀಲಿ ಹಾಕಿದಿ, ಅದು ಒಳಗ ಇಣುಕಲಿಲ್ಲ. ಕೀಲಿ ಹಾಕಿದ ಮನಿಯಾಗ ಇಣುಕಬಾರದು ಅನ್ನೋ ಮರ್ಯಾದಿ ಅದಕ್ಕಿತ್ತು. ನೀ ಅದಕ್ಕ ಹುಚ್ಚ ಅಂದಿ."

ಆಮೇಲೆ ಅವರು ಬಿಡಿಸಿ ಹೇಳಿದರು. ಕೀಲಿ ಹಾಕಿದಾಗ ಕಂಪ್ಯೂಟರ್ ತಾನಾಗಿಯೇ ಒಂದು ಕೀಲಿಕೈ ಮಾಡಿಕೊಂಡು ಹಳೆಯ ಡಿಸ್ಕಿನಲ್ಲಿ ಇಟ್ಟಿತ್ತು. ಫೋಟೋ ಒಂದು ಡಿಸ್ಕಿನಲ್ಲಿ, ಅದರ ಕೀಲಿಕೈ ಇನ್ನೊಂದರಲ್ಲಿ. ಆ ಹಳೆಯ ಡಿಸ್ಕ್ ಎಲ್ಲಿ?

ಹಳೆಯ ಡಿಸ್ಕನ್ನು ಸಿಂಧನೂರಿನಿಂದ ವಾಪಸ್ ತಂದಿದ್ದೆ. ದುಡಿದು ಕೊಂಡದ್ದನ್ನು ಬಿಟ್ಟು ಬರುವ ಅಭ್ಯಾಸ ನನಗಿಲ್ಲ. ಸ್ಟುಡಿಯೋದಲ್ಲಿ ಕಾಶ್ಮೀರದ ಚಿತ್ರದ ಪರದೆ ಫ್ಯಾನಿನ ಗಾಳಿಗೆ ಹಾರಬಾರದೆಂದು ಅದರ ಅಂಚಿನ ಮೇಲೆ ಆ ಡಿಸ್ಕನ್ನೇ ಭಾರಕ್ಕೆ ಇಟ್ಟಿದ್ದೆ. ಫೋಟೋಕ್ಕೆ ನಿಂತ ಕೂಸುಗಳು ಎಷ್ಟು ಸಲ ಒದ್ದಿದ್ದವೋ. ಮತ್ತೆ ಮಸ್ಕಿಗೆ ಓಡಿದೆ, ಮತ್ತೆ ಲಿಂಗಸುಗೂರಿಗೆ ಬಂದೆ. ಅಕ್ಕೋರು ಅದನ್ನು ಸೆರಗಿನಿಂದ ಒರೆಸಿ ಜೋಡಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗುಂಯ್ ಎಂದು ತಿರುಗಿತು. ನನ್ನ ಕಂಪ್ಯೂಟರಿನ ಹಳೆಯ ಪರದೆ ಬಂತು, ಪಾಸ್‌ವರ್ಡ್ ಕೇಳಿತು.

ನನಗೆ ಪಾಸ್‌ವರ್ಡ್ ನೆನಪಿರಲಿಲ್ಲ. ಹೊಸ ಡಿಸ್ಕಿಗೆ ಪಾಸ್‌ವರ್ಡೇ ಇರಲಿಲ್ಲ, ಇಷ್ಟು ತಿಂಗಳಲ್ಲಿ ಹಳೆಯದು ಹಾರಿಹೋಗಿತ್ತು. ಮಗಳ ಹೆಸರು ಹೊಡೆದೆ, ಅಲ್ಲ. ಅಂಗಡಿಯ ಹೆಸರು ಹೊಡೆದೆ, ಅದೂ ಅಲ್ಲ. ಬಜಾರಿನಲ್ಲಿ ಒಂದು ಪೆನ್‌ಡ್ರೈವ್ ಹಾಕಿ ಪಾಸ್‌ವರ್ಡ್ ಅಳಿಸಿ ಕೊಡುತ್ತಾರಲ್ಲ, ಹಾಗೆ ಮಾಡಿಬಿಡ್ರಿ ಅಂದೆ.

"ಅಳಿಸಿದ್ರ ಕಂಪ್ಯೂಟರ್ ತೆರೀತೈತಿ, ಮುತ್ಯಾ ಕಾಯಂ ಒಳಗ ಉಳೀತಾನ. ಆ ಕೀಲಿಕೈ ನಿನ್ನ ಪಾಸ್‌ವರ್ಡಿನ ಮಾತಷ್ಟ ಕೇಳ್ತೈತಿ," ಅಂದರು. "ಊಹಿ ಸಾಕು ಮಾಡು. ಕೈ ತೊಡಿ ಕೆಳಗ ಇಡು. ಮುಂಜಾನೆ ಅಂಗಡಿ ಹೆಂಗ ತೆಗೀತಿ, ಅದನ್ನ ಹೇಳು."

ಷಟರ್ ಎತ್ತುತ್ತೇನೆ, ನೀರು ಚಿಮುಕಿಸುತ್ತೇನೆ, ಕಂಪ್ಯೂಟರಿನ ಗುಂಡಿ ಒತ್ತುತ್ತೇನೆ, ಊದಿನಕಡ್ಡಿ ಹಚ್ಚಿ ಬೆಳಗುತ್ತೇನೆ ಅಂದೆ.

"ಊದಿನಕಡ್ಡಿ ಯಾವ ಕೈಯಾಗ?"

"ಬಲಗೈಯಾಗ್ರಿ."

"ಮತ್ತ ಪಾಸ್‌ವರ್ಡ್ ಯಾವಾಗ ಹೊಡೀತಿದ್ದಿ?"

ಅದೇ ಹೊತ್ತಿಗೆ ಹೊಡೆಯುತ್ತಿದ್ದೆ. ನಿಂತುಕೊಂಡು, ಎಡಗೈಯಿಂದ, ಕಣ್ಣು ದೇವರ ಫೋಟೋದ ಮೇಲೆ.

ಅಕ್ಕೋರು ಎದ್ದರು. ಬುದ್ಧನ ಮುಂದಿನ ಪೊಟ್ಟಣದಿಂದ ಒಂದು ಊದಿನಕಡ್ಡಿ ತೆಗೆದು, ಹಚ್ಚಿ, ನನ್ನ ಬಲಗೈಗೆ ಕೊಟ್ಟರು. ಕ್ಲಾಸಿನಲ್ಲಿದ್ದವರು ಟೈಪಿಂಗ್ ನಿಲ್ಲಿಸಿ ನೋಡತೊಡಗಿದರು.

"ನಿಂದರು. ಅಂಗಡಿ ತೆಗಿ," ಅಂದರು. ಅಂದು, ತಾವು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಇನ್ನೊಬ್ಬರು ಪಾಸ್‌ವರ್ಡ್ ಹೊಡೆಯುವಾಗ ಅವರು ಎಂದೂ ನೋಡಿದವರಲ್ಲ.

ನಾನು ಬುದ್ಧನಿಗೆ ಊದಿನಕಡ್ಡಿ ಬೆಳಗಿದೆ. ನಾಚಿಕೆಯಾಯಿತು, ಆದರೂ ಬೆಳಗಿದೆ. ಎರಡನೆಯ ಸುತ್ತಿಗೆ ಎಡಗೈ ತಾನಾಗಿ ಇಳಿದು ಟಕಟಕ ಹೊಡೆದು ಮುಗಿಸಿತು. ಕಂಪ್ಯೂಟರ್ ತೆರೆಯಿತು. ಫೋಲ್ಡರ್ ತೆರೆಯಿತು. ಮುತ್ಯಾ ಬಂದರು.

ಟವೆಲ್ ಇಲ್ಲ, ರುಮಾಲು ಇಲ್ಲ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಣ್ಣು ಮುಚ್ಚಿಹೋಗುವಂತೆ ನಕ್ಕಿದ್ದರು. ಅಕ್ಕೋರು ಬಹಳ ಹೊತ್ತು ನೋಡಿದರು.

"ಇಷ್ಟಕ್ಕ ಕೀಲಿ ಹಾಕ್ಸಿದ್ದ ನೋಡು, ಮುದುಕ," ಅಂದರು.

ಕೀಲಿಕೈಯನ್ನು ಅವತ್ತೇ ಎರಡು ಸಣ್ಣ ಪೆನ್‌ಡ್ರೈವಿಗೆ ಇಳಿಸಿದರು. ಒಂದು ನನಗೆ. ಇನ್ನೊಂದು ನನ್ನ ಮನೆಯಲ್ಲೂ ಇರಬಾರದು, ಅಂಗಡಿಯಲ್ಲೂ ಇರಬಾರದು, ಬೇರೆ ಯಾರದಾದರೂ ಮನೆಯಲ್ಲಿ ಇರಬೇಕು ಅಂದರು. ಹಾಗಾದರೆ ನೀವೇ ಇಟ್ಕೋರಿ ಅಂದೆ. ಅದನ್ನು ಮನೆಗೆ ಒಯ್ದು, ಬಾಗಿಲ ಪಕ್ಕದ ಮೊಳೆಗೆ, ಮನೆಯ ಕೀಲಿಕೈ ತೂಗುವ ಜಾಗದಲ್ಲಿ ತೂಗಿಹಾಕಿದರು. ಅವತ್ತು ನಾನು ಹೊರಡುವ ಮೊದಲು, ಕಂಪ್ಯೂಟರಿನ ಹುಡುಕಾಟಕ್ಕೆ ಕೀಲಿಯ ಒಳಗೂ ನೋಡು ಎಂದು ಹೇಳಬಹುದು, ಹೇಳಲೇನು ಎಂದು ಕೇಳಿದರು. ಬ್ಯಾಡ್ರಿ, ಅದರ ಮರ್ಯಾದಿ ಅದಕ್ಕಿರಲಿ ಅಂದೆ. ನಾನು ಹೇಳಿದ ಮಾತಿಗೆ ಅಕ್ಕೋರು ತಲೆದೂಗಿದ್ದು ಅದೇ ಮೊದಲು.

ಮರುದಿನ ಮುತ್ಯಾನ ಮಗ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಆಮೇಲೆ, ಅಪ್ಪಗ ನಗಾಕ ಬರ್ತಿತ್ತು ಅಂತ ನನಗ ಗೊತ್ತಿದ್ದಿಲ್ಲ ಅಂದ. ಹೇಳುತ್ತ ಅವನೂ ಹಾಗೇ ಬಾಯಿ ತೆರೆದು ನಕ್ಕ, ಕಣ್ಣಲ್ಲಿ ನೀರು. ಶಿವಗಣಾರಾಧನೆಯಲ್ಲಿ ಅದನ್ನೇ ಹೂವಿನ ನಡುವೆ ಇಟ್ಟರು. ಬಂದ ಹಿರಿಯರೆಲ್ಲ ನೋಡಿದರು. ಮುಂದೆ ಒಬ್ಬೊಬ್ಬರೇ ನನ್ನ ಸ್ಟುಡಿಯೋಕ್ಕೆ ಬರತೊಡಗಿದರು. ಮುಕ್ಕುಂದದಿಂದ, ಮುದಗಲ್‌ನಿಂದ, ಹಳ್ಳಿಹಳ್ಳಿಯಿಂದ. ನಂದೂ ಒಂದು ತೆಗಿ, ಈಗ ತೋರಿಸಬ್ಯಾಡ ಎನ್ನುತ್ತ. ಪೇಟೆಯಲ್ಲಿ ಬೇರೆ ಸ್ಟುಡಿಯೋಗಳೂ ಇವೆ. ಇಂಥ ಫೋಟೋಕ್ಕೆ ಮಾತ್ರ ಅವರು ನನ್ನ ಹತ್ತಿರವೇ ಬರುತ್ತಾರೆ.

ಹೋದ ವರ್ಷ ಅಕ್ಕೋರು ಬಂದರು. ಒಬ್ಬರೇ, ಬಸ್ಸಿನಲ್ಲಿ. ಬಹಳ ಇಳಿದುಹೋಗಿದ್ದರು. ಕಾಶ್ಮೀರದ ಪರದೆ ಎಳೆಯಲು ಹೋದೆ, ಬ್ಯಾಡ ಅಂದರು.

"ನಂದೂ ಒಂದ ತೆಗಿ. ಮಗಳಿಗೆ ಈಗ ತೋರಿಸಬ್ಯಾಡ."

ಅವರು ಸ್ಟೂಲಿನ ಮೇಲೆ ಕೂತು, ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿದರು. ಕೈ ಮಡಿಲಲ್ಲಿ ಇಟ್ಕೋರಿ, ಚಲೋ ಬರ್ತೈತಿ ಅಂದೆ.

"ಕೈ ಎಲ್ಲಿ ಇಡಬೇಕಂತ ನೀ ನನಗ ಹೇಳ್ತೀಯೇನು?" ಅಂದರು. ಅಂದು ನಕ್ಕರು. ಆ ನಗುವಿಗೆ ಗುಂಡಿ ಒತ್ತಿದೆ.

ಮಳೆಗಾಲ ಮುಗಿಯುವ ಮೊದಲೇ ಅಕ್ಕೋರ ಮಗಳು ಬಂದಳು. ನಾನು ಎದ್ದು, ಊದಿನಕಡ್ಡಿ ಹಚ್ಚಿ ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಪಾಸ್‌ವರ್ಡ್ ಹೊಡೆದು ಫೋಟೋ ತೆಗೆದುಕೊಟ್ಟೆ.

"ಇದರಾಗೂ ಅವ್ವನ ಕೈ ಕಾಣವಲ್ಲವು ನೋಡ್ರಿ," ಅಂದಳು.

ಮೊಳೆಗೆ ತೂಗಿದ ಪೆನ್‌ಡ್ರೈವನ್ನು ನಾನು ಬಂದು ಒಯ್ಯಲೇ ಎಂದು ಕೇಳಿದೆ. ಅದು ಅಲ್ಲೇ ಇರಲಿ ಎಂದು ಅವ್ವ ಹೇಳಿ ಹೋಗಿದ್ದಾಳೆ ಅಂದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಸ್ಕಿಯಲ್ಲಿ ಸ್ವಂತ ಸ್ಟುಡಿಯೋ ಒಂದು. ಕ್ಯಾಮೆರಾ ಮೂರು. ಕಂಪ್ಯೂಟರ್ ಎರಡು. ಕಾಶ್ಮೀರದ ಪರದೆ ಒಂದು. ಈಗ ತೋರಿಸಬ್ಯಾಡ ಎಂದು ಹಿರಿಯರು ತೆಗೆಸಿಟ್ಟ ಫೋಟೋ ಹತ್ತೊಂಬತ್ತು. ಕೀಲಿಕೈ ಎರಡು: ಒಂದು ನನ್ನ ಕೊರಳಲ್ಲಿ, ಇನ್ನೊಂದು ಲಿಂಗಸುಗೂರಿನಲ್ಲಿ ಅಕ್ಕೋರ ಮನೆಯ ಮೊಳೆಗೆ.